ಸ್ವಿಟ್ಜರ್ಲೆಂಡ್‌ಗೆ ಸ್ವಂತವಾಗಿ ಹೋಗಿ ಬರುವುದು ಹೇಗೆ: ವೀಸಾದಿಂದ ಹಿಮದ ಬೆಟ್ಟದವರೆಗೆ

ಸ್ವಿಟ್ಜರ್ಲೆಂಡ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಟೂರ್ ಪ್ಯಾಕೇಜ್ ಹುಡುಕಲು ಶುರು ಮಾಡುತ್ತಾರೆ. ಆದರೆ ಸ್ವಂತವಾಗಿ ಓಡಾಡಲು ಇಷ್ಟು ಅನುಕೂಲ ಇರುವ ದೇಶಗಳು ಕಡಿಮೆ. ಸಣ್ಣ ಹಳ್ಳಿಗೂ ಬಸ್ಸಿದೆ, ಬೆಟ್ಟದ ತುದಿಗೂ ರೈಲಿದೆ. ಪ್ಯಾಕೇಜ್‌ನಲ್ಲಿ ನನಗೆ ಕಾಣುವ ದೊಡ್ಡ ತೊಂದರೆ ದಿನಾಂಕದ್ದು. ‘ಮಂಗಳವಾರ ಟಿಟ್ಲಿಸ್ ಬೆಟ್ಟ’ ಎಂದು ಮೂರು ತಿಂಗಳ ಮೊದಲೇ ಬರೆದಿಟ್ಟಿರುತ್ತಾರೆ. ಆ ಮಂಗಳವಾರ ಮೋಡ ಕವಿದರೆ ಅಷ್ಟು ದುಡ್ಡು ಕೊಟ್ಟು ಮೇಲೆ ಹೋಗಿ, ಬರೀ ಬಿಳಿ ಮಂಜು ನೋಡಿ ಇಳಿಯಬೇಕು. ಹಾಗಾಗಿ ಬೆಟ್ಟಕ್ಕೆ ಹೋಗುವ ದಿನವನ್ನು ಕೊನೆಯವರೆಗೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಕೆಳಗಿನ ಎಲ್ಲ ಹೆಜ್ಜೆಗಳೂ ಅದಕ್ಕೆ ತಕ್ಕಂತೆ ಇವೆ.

ಹೆಜ್ಜೆ 1: ತಿಂಗಳು ಆರಿಸಿಕೊಳ್ಳಿ

ಮೊದಲ ಸಲ ಹೋಗುವವರಿಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಸಮಯ ಒಳ್ಳೆಯದು. ಎತ್ತರದ ಕಾಲುದಾರಿಗಳು ತೆರೆದಿರುತ್ತವೆ, ಜೂನ್, ಜುಲೈನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಎನ್ನುತ್ತೇನೆ. ಜುಲೈ, ಆಗಸ್ಟ್‌ನ ಜನಜಂಗುಳಿ ಇರುವುದಿಲ್ಲ, ಮಧ್ಯಾಹ್ನದ ಗುಡುಗು ಮಳೆಯೂ ಕಡಿಮೆ.

ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇನಲ್ಲಿ ಬರುತ್ತದೆ ಅಲ್ವಾ? ಇಲ್ಲೊಂದು ಎಚ್ಚರಿಕೆ ಬೇಕು. ಸ್ಕೀಯಿಂಗ್ ಕಾಲ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಎಷ್ಟೋ ಕೇಬಲ್ ಕಾರುಗಳನ್ನು ದುರಸ್ತಿಗೆಂದು ನಿಲ್ಲಿಸುತ್ತಾರೆ. ನವೆಂಬರ್‌ನಲ್ಲೂ ಹಾಗೆಯೇ. ಮೇ ತಿಂಗಳಲ್ಲಿ ಕಣಿವೆ ತುಂಬ ಹಸಿರು, ಹೂವು. ಜಲಪಾತಗಳೂ ಭೋರ್ಗರೆಯುತ್ತಿರುತ್ತವೆ. ಆದರೆ ಮೇಲಿನ ಕಾಲುದಾರಿಗಳಲ್ಲಿ ಇನ್ನೂ ಹಿಮ. ಆಗ ಹೋಗುವುದಾದರೆ ನೀವು ನೋಡಬೇಕೆಂದಿರುವ ಬೆಟ್ಟದ ವೆಬ್‌ಸೈಟ್‌ನಲ್ಲಿ ಯಾವ ವಾರ ಮುಚ್ಚಿರುತ್ತದೆ ಎಂದು ಮೊದಲು ನೋಡಿ. ವಿಮಾನದ ಟಿಕೆಟ್ ಆಮೇಲೆ.

ಹೆಜ್ಜೆ 2: ಎರಡೇ ಊರಲ್ಲಿ ತಂಗಿ

ಎಂಟು ದಿನಕ್ಕೆ ಐದು ಹೋಟೆಲ್ ಬುಕ್ ಮಾಡಬೇಡಿ. ದೇಶ ಚಿಕ್ಕದು, ರೈಲು ಚೆನ್ನಾಗಿದೆ. ಒಂದು ಕಡೆ ಲಗೇಜು ಇಳಿಸಿ ದಿನಾ ಹೋಗಿ ಬಂದರೆ ಸಾಕು. ಒಂದು ಸರೋವರದ ಊರು, ಒಂದು ಬೆಟ್ಟದ ಊರು ಎಂದು ಇಟ್ಟುಕೊಳ್ಳಿ.

ಸರೋವರಕ್ಕೆ ಲೂಸರ್ನ್ ಒಳ್ಳೆಯ ಆಯ್ಕೆ. ಜ್ಯೂರಿಕ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿಂದ ರಿಗಿ, ಪಿಲಾಟಸ್, ಟಿಟ್ಲಿಸ್ ಮೂರು ಬೆಟ್ಟಗಳೂ ಹತ್ತಿರ. ಸ್ಟೇಷನ್ನಿನಿಂದ ಹೊರಬಂದರೆ ದೋಣಿಕಟ್ಟೆ ಎದುರಿಗೇ ಇದೆ. 14ನೇ ಶತಮಾನದ ಮರದ ಚಾಪೆಲ್ ಸೇತುವೆಗೆ ಐದು ನಿಮಿಷದ ನಡಿಗೆ. 1993ರ ಬೆಂಕಿಯಲ್ಲಿ ಆ ಸೇತುವೆಯ ಹೆಚ್ಚಿನ ಭಾಗ ಸುಟ್ಟುಹೋಗಿತ್ತು, ಮರುವರ್ಷವೇ ಮತ್ತೆ ಕಟ್ಟಿ ನಿಲ್ಲಿಸಿದರು.

ಬೆಟ್ಟಕ್ಕೆ ಹೆಚ್ಚಿನವರು ಇಂಟರ್‌ಲಾಕನ್ ಹಿಡಿಯುತ್ತಾರೆ. ಊಟಕ್ಕೆ, ಅಂಗಡಿಗೆ ಅದು ಅನುಕೂಲ. ಇಂಡಿಯನ್ ಹೋಟೆಲುಗಳೂ ಇವೆ. ಆದರೆ ಬೆಟ್ಟದ ಮಡಿಲಲ್ಲಿ ಬೆಳಗ್ಗೆ ಏಳಬೇಕು ಎಂದರೆ ಇನ್ನೂ ಇಪ್ಪತ್ತು ನಿಮಿಷ ರೈಲಲ್ಲಿ ಮುಂದೆ ಹೋಗಿ ಲೌಟರ್‌ಬ್ರುನನ್‌ನಲ್ಲಿ ತಂಗಿ. ಇಲ್ಲವೇ ಅಲ್ಲಿಂದಲೂ ಮೇಲೆ, ವೆಂಗನ್‌ನಲ್ಲಿ. ಲೌಟರ್‌ಬ್ರುನನ್‌ನ ಸ್ಟಾಬಾಕ್ ಜಲಪಾತ ಸುಮಾರು 300 ಮೀಟರ್ ಎತ್ತರದಿಂದ ಊರಿನ ಪಕ್ಕದಲ್ಲೇ ಬೀಳುತ್ತದೆ. ವೆಂಗನ್‌ಗೆ ಕಾರು ಹೋಗುವ ಹಾಗಿಲ್ಲ, ರೈಲೇ ಗತಿ. ಅಲ್ಲಿನ ನಿಶ್ಶಬ್ದಕ್ಕಾಗಿಯೇ ಎರಡು ರಾತ್ರಿ ಜಾಸ್ತಿ ಉಳಿಯಬಹುದು.

ಲೂಸರ್ನ್‌ನಿಂದ ಇಂಟರ್‌ಲಾಕನ್‌ಗೆ ಸುಮಾರು ಎರಡು ಗಂಟೆಯ ಪ್ರಯಾಣ, ಬ್ರ್ಯೂನಿಗ್ ಕಣಿವೆದಾರಿ ದಾಟಿ. ಲೂಸರ್ನ್ ಬಿಡುವಾಗ ಬಲಗಡೆ ಕೂತುಕೊಳ್ಳಿ. ಮೈರಿಂಗನ್ ಸ್ಟೇಷನ್ನಿನಲ್ಲಿ ರೈಲು ದಿಕ್ಕು ಬದಲಿಸಿ ಹಿಂದುಮುಂದಾಗಿ ಹೊರಡುತ್ತದೆ, ಆಗ ನಿಮ್ಮ ಕಿಟಕಿ ಎಡಗಡೆಯದಾಗುತ್ತದೆ. ಅದೇ ಕಿಟಕಿಯಲ್ಲಿ ಬ್ರಿಯೆನ್ಸ್ ಸರೋವರದ ಹಾಲುಬೆರೆತ ನೀಲಿ ನೀರು ಬಂದು ನಿಲ್ಲುತ್ತದೆ. ಜಾಗ ಬದಲಿಸುವ ಗೋಜೇ ಇಲ್ಲ.

ಹೆಜ್ಜೆ 3: ವೀಸಾ

ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ. ಆದರೆ 2008ರಿಂದ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಹಾಗಾಗಿ ನಿಮಗೆ ಬೇಕಿರುವುದು ಷೆಂಗೆನ್ ವೀಸಾ. ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಬರುತ್ತದೆ, ಕೆಲವೊಮ್ಮೆ 45 ದಿನವೂ ಹಿಡಿಯಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಮೂರು ತಿಂಗಳು ಮೊದಲೇ ಕೆಲಸ ಶುರು ಮಾಡಿ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ವಿಎಫ್‌ಎಸ್‌ನ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಬಂದ ಮೇಲೂ ಮೂರು ತಿಂಗಳು ಅವಧಿ ಇರಬೇಕು, ಎರಡು ಖಾಲಿ ಪುಟ ಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಆಫೀಸಿನ ರಜೆ ಪತ್ರ, ಹೋಟೆಲ್ ಮತ್ತು ವಿಮಾನದ ಬುಕಿಂಗ್ ಎಲ್ಲ ಒಂದಕ್ಕೊಂದು ತಾಳೆಯಾಗಬೇಕು. ಒಂದು ರಾತ್ರಿಯ ಹೋಟೆಲ್ ಬುಕಿಂಗ್ ಬಿಟ್ಟುಹೋಗಿದ್ದರೂ ಪ್ರಶ್ನೆ ಬರುತ್ತದೆ. ರದ್ದು ಮಾಡಬಹುದಾದ ಬುಕಿಂಗನ್ನೇ ಮಾಡಿ.

ಪ್ಯಾರಿಸ್, ಇಟಲಿ ಕೂಡ ಸೇರಿಸಿಕೊಂಡಿದ್ದರೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಅಲ್ಲಿಗೆ ಅರ್ಜಿ. ದಿನ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ವೀಸಾ ಬಂದ ಮೇಲೆ ಅದರಲ್ಲಿ ಬರೆದಿರುವ ದಿನಗಳ ಸಂಖ್ಯೆ ನೋಡಿ. ಅವಧಿ ಒಂದು ತಿಂಗಳು ಇದ್ದು, ಇರಲು ಅನುಮತಿ ಹತ್ತೇ ದಿನ ಇರಬಹುದು.

ಹೆಜ್ಜೆ 4: ರೈಲು ಪಾಸಿನ ಲೆಕ್ಕ

ಹೆಚ್ಚು ದುಡ್ಡು ಉಳಿಯುವುದೂ, ಪೋಲಾಗುವುದೂ ಇಲ್ಲೇ. ಒಂದು ಸಂಜೆ ಕೂತು ಲೆಕ್ಕ ಹಾಕಿ.

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಸ್ವಿಸ್ ಟ್ರಾವೆಲ್ ಪಾಸ್. 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ. ರೈಲು, ಬಸ್ಸು, ಸರೋವರದ ದೋಣಿ, ಊರೊಳಗಿನ ಟ್ರಾಮ್ ಎಲ್ಲ ಸೇರಿ, ಜೊತೆಗೆ 500ಕ್ಕೂ ಹೆಚ್ಚು ಮ್ಯೂಸಿಯಂ. ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್ ಬೆಟ್ಟಗಳೂ ಇದರಲ್ಲೇ ಬರುತ್ತವೆ. ಟಿಟ್ಲಿಸ್, ಪಿಲಾಟಸ್, ಗೋರ್ನರ್‌ಗ್ರಾಟ್ ಬೆಟ್ಟಗಳಿಗೆ ಅರ್ಧ ದರ. ಯೂಂಗ್‌ಫ್ರೌಯೋಕ್ ಎಂಬ ಎತ್ತರದ ರೈಲ್ವೆ ಸ್ಟೇಷನ್‌ಗೆ ಮಾತ್ರ ಮೇಲಿನ ಭಾಗಕ್ಕೆ 25% ರಿಯಾಯಿತಿ. 2025ರಲ್ಲಿ ಎರಡನೇ ದರ್ಜೆಗೆ 4 ದಿನದ ಪಾಸ್ 295 ಫ್ರಾಂಕ್ (ಅಲ್ಲಿನ ಹಣ), 8 ದಿನದ್ದು 419 ಫ್ರಾಂಕ್ ಇತ್ತು. ದಿನ ಹೆಚ್ಚಾದಷ್ಟೂ ದಿನಕ್ಕೆ ಬೀಳುವ ಖರ್ಚು 74ರಿಂದ 52 ಫ್ರಾಂಕ್‌ಗೆ ಇಳಿಯುವುದನ್ನು ಗಮನಿಸಿ.

ಎರಡನೆಯದು ಹಾಫ್ ಫೇರ್ ಕಾರ್ಡ್. ಇದು ಒಂದು ತಿಂಗಳಿಗೆ. 2025ರಲ್ಲಿ 120 ಫ್ರಾಂಕ್ ಇತ್ತು. ಯಾವುದೂ ಉಚಿತವಲ್ಲ, ಆದರೆ ಸುಮಾರಾಗಿ ಎಲ್ಲಕ್ಕೂ ಅರ್ಧ ದರ, ಯೂಂಗ್‌ಫ್ರೌಯೋಕ್‌ಗೂ. ಬೇಸಿಗೆಯಲ್ಲಿ ಇಂಟರ್‌ಲಾಕನ್‌ನಿಂದ ಯೂಂಗ್‌ಫ್ರೌಯೋಕ್‌ಗೆ ಹೋಗಿ ಬರುವ ಪೂರ್ತಿ ಟಿಕೆಟ್ 200 ಫ್ರಾಂಕ್ ದಾಟುತ್ತದೆ. ಅದೊಂದರಲ್ಲೇ ಕಾರ್ಡಿನ ಹೆಚ್ಚಿನ ದುಡ್ಡು ವಾಪಸ್ ಬರುತ್ತದೆ.

ಆಯ್ಕೆ ಹೀಗೆ ಮಾಡಿ. ದಿನಾ ಬೇರೆ ಬೇರೆ ಊರು, ದೋಣಿ, ಮ್ಯೂಸಿಯಂ ಎಂದು ಸುತ್ತುವವರಿಗೆ ಟ್ರಾವೆಲ್ ಪಾಸ್. ಎರಡೇ ಊರಲ್ಲಿ ತಂಗಿ, ದುಬಾರಿ ಬೆಟ್ಟಗಳಿಗೆ ಹೋಗುವವರಿಗೆ ಹಾಫ್ ಫೇರ್. ಮೋಡ ನೋಡಿಕೊಂಡು ಬೆಳಗ್ಗೆ ಮನಸ್ಸು ಬದಲಿಸುವುದಕ್ಕೆ ಎರಡೂ ಅನುಕೂಲವೇ. ಆದರೆ ವಯಸ್ಸಾದ ಅಪ್ಪ, ಅಮ್ಮನ ಜೊತೆ ಹೋಗುವುದಾದರೆ ನಾನು ಟ್ರಾವೆಲ್ ಪಾಸನ್ನೇ ಹೇಳುತ್ತೇನೆ. ಪ್ರತಿ ಸಲ ಟಿಕೆಟ್ ತೆಗೆಯುವ ತಲೆನೋವಿಲ್ಲ, ಕಂಡ ಬಸ್ಸು ಹತ್ತಬಹುದು. 6ರಿಂದ 15 ವರ್ಷದ ಮಕ್ಕಳಿಗೆ ಉಚಿತ ಫ್ಯಾಮಿಲಿ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಅಪ್ಪನೋ ಅಮ್ಮನೋ ಜೊತೆಗಿದ್ದರೆ ಅವರಿಗೆ ಟಿಕೆಟ್ ಬೇಡ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಇಂಟರ್‌ಲಾಕನ್, ಲೂಸರ್ನ್, ಬಾಸೆಲ್‌ನಂಥ ಊರುಗಳಲ್ಲಿ ಹೋಟೆಲ್‌ನವರು ಅತಿಥಿ ಕಾರ್ಡ್ ಕೊಡುತ್ತಾರೆ. ಅದರಲ್ಲಿ ಊರಿನ ಬಸ್ಸು ಉಚಿತ. ಇಟಾಲಿಯನ್ ಮಾತಾಡುವ ಟಿಚಿನೋ ಪ್ರಾಂತ್ಯದಲ್ಲಂತೂ ಇಡೀ ಪ್ರಾಂತ್ಯದ ರೈಲು, ಬಸ್ಸು ಉಚಿತ. ಚೆಕ್ ಇನ್ ಆಗುವಾಗ ಕೇಳಿ.

ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಎಂಬ ದೊಡ್ಡ ಗಾಜಿನ ಪನೋರಮಾ ರೈಲುಗಳಿಗೆ ಪಾಸ್ ಇದ್ದರೂ ಸೀಟು ಕಾಯ್ದಿರಿಸಲೇಬೇಕು, ಅದಕ್ಕೆ ಬೇರೆ ದುಡ್ಡು. ಆದರೆ ಅದೇ ಹಳಿಯ ಮೇಲೆ ಸಾಮಾನ್ಯ ಪ್ಯಾಸೆಂಜರ್ ರೈಲುಗಳೂ ಓಡುತ್ತವೆ. ಅದೇ 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ, ಅದೇ 2,253 ಮೀಟರ್ ಎತ್ತರದ ಓಸ್ಪಿಜಿಯೋ ಬರ್ನಿನಾ ಸ್ಟೇಷನ್. ರಿಸರ್ವೇಷನ್ ಬೇಡ, ಬೇಕಾದಲ್ಲಿ ಇಳಿದು ಮುಂದಿನ ರೈಲು ಹಿಡಿಯಬಹುದು. ನನಗೆ ಈ ಸಾದಾ ರೈಲೇ ಇಷ್ಟ. ಎಷ್ಟೋ ಬೋಗಿಗಳಲ್ಲಿ ಕಿಟಕಿ ತೆಗೆಯಲು ಬರುತ್ತದೆ. ಪನೋರಮಾ ಬೋಗಿಯ ಗಾಜಿನಲ್ಲಿ ಫೋಟೋಗೆ ಸೀಟಿನ ನೆರಳೇ ಬೀಳುತ್ತದೆ.

ಹೆಜ್ಜೆ 5: ಚೀಲ ತುಂಬುವಾಗ

ಊಟದ ಸಾಮಾನಿನ ಬಗ್ಗೆ ಮೊದಲು ಹೇಳುತ್ತೇನೆ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ, ಪನೀರ್, ಹಾಲಿನ ಪುಡಿ ಮನೆಯಲ್ಲೇ ಬಿಡಿ. ಹಸಿ ತರಕಾರಿ, ಹಣ್ಣು, ಕರಿಬೇವಿಗೂ ಅವಕಾಶವಿಲ್ಲ. ಮಾವಿನಹಣ್ಣಿನ ಆಸೆ ಬೇಡ. ಚಟ್ನಿಪುಡಿ, ಗೊಜ್ಜವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಪ್ಯಾಕೆಟ್‌ಗಳು ಬೇಕಾದಷ್ಟು ಉಪಯೋಗಕ್ಕೆ ಬರುತ್ತವೆ. ಪ್ಯಾಕೆಟ್ ಕೊಳ್ಳುವಾಗ ಹಾಲಿನ ಅಂಶ ಇಲ್ಲದ್ದನ್ನು ಆರಿಸಿ.

ಕರೆಂಟು 230 ವೋಲ್ಟ್, ನಮ್ಮಂತೆಯೇ. ಆದರೆ ಸಾಕೆಟ್ ಅಲ್ಲಿನದೇ ಆದ ಮೂರು ಸಣ್ಣ ತೂತಿನದು, ತಗ್ಗಿನೊಳಗೆ ಕೂತಿರುತ್ತದೆ. ಎರಡು ತೆಳು ಪಿನ್ನಿನ ಚಾರ್ಜರ್ ಹಿಡಿಯುತ್ತದೆ, ನಮ್ಮ ದಪ್ಪ ಮೂರು ಪಿನ್ ಹಿಡಿಯುವುದಿಲ್ಲ. ಅಡಾಪ್ಟರ್ ಕೊಳ್ಳುವಾಗ ಸ್ವಿಟ್ಜರ್ಲೆಂಡ್ ಹೆಸರು ಇದೆಯೇ ನೋಡಿ. ಯುರೋಪಿನದ್ದು ಎಂದು ಮಾರುವ ದುಂಡನೆಯ ದಪ್ಪ ಅಡಾಪ್ಟರ್ ಆ ತಗ್ಗಿನೊಳಗೆ ಹೋಗುವುದಿಲ್ಲ. ಸಿಮ್‌ಗೂ ಇದೇ ಮಾತು. ‘ಯುರೋಪ್’ ಪ್ಲಾನ್‌ಗಳಲ್ಲಿ ಕೆಲವು ಐರೋಪ್ಯ ಒಕ್ಕೂಟಕ್ಕೆ ಮಾತ್ರ ಸೀಮಿತ, ಸ್ವಿಟ್ಜರ್ಲೆಂಡ್ ಅದರೊಳಗೆ ಬರುವುದಿಲ್ಲ.

ಆಗಸ್ಟ್‌ನಲ್ಲೂ ಮೇಲೆ ಸೊನ್ನೆ ಡಿಗ್ರಿ ಇರಬಹುದು, ಕೆಳಗೆ ಸೆಕೆ. ಒಂದೇ ದಪ್ಪ ಕೋಟಿನ ಬದಲು ಪದರ ಪದರವಾಗಿ ಹಾಕಿಕೊಳ್ಳುವ ಬಟ್ಟೆ, ಮಳೆ ತಡೆಯುವ ಜಾಕೆಟ್, ಜಾರದ ಶೂ, ತಂಪು ಕನ್ನಡಕ, ಸನ್‌ಸ್ಕ್ರೀನ್ ಇರಲಿ. ಹಿಮದ ಮೇಲೆ ಬಿಸಿಲು ಎರಡು ಕಡೆಯಿಂದ ಸುಡುತ್ತದೆ. ಬಿಪಿ, ಶುಗರ್ ಮಾತ್ರೆಗಳನ್ನು ಚೀಟಿಯ ಸಮೇತ ಕೈಚೀಲದಲ್ಲೇ ಇಡಿ.

ಹೆಜ್ಜೆ 6: ರೈಲು ಹತ್ತುವ ರೀತಿ

ಫೋನಿನಲ್ಲಿ ಸ್ವಿಸ್ ರೈಲ್ವೆಯ ‘ಎಸ್‌ಬಿಬಿ ಮೊಬೈಲ್’ ಆ್ಯಪ್ ಹಾಕಿಕೊಳ್ಳಿ. ಸಮಯ, ಪ್ಲಾಟ್‌ಫಾರ್ಮ್, ಎಲ್ಲಿ ಬದಲಿಸಬೇಕು ಎಲ್ಲ ಇರುತ್ತದೆ. ಬದಲಿಸಲು ಆರು ನಿಮಿಷ ಎಂದು ತೋರಿಸಿದರೆ ಗಾಬರಿ ಬೇಡ. ಎಷ್ಟೋ ಸಲ ಮುಂದಿನ ರೈಲು ಎದುರಿನ ಪ್ಲಾಟ್‌ಫಾರ್ಮ್‌ನಲ್ಲೇ ನಿಂತಿರುತ್ತದೆ. ತಪ್ಪಿದರೂ ಸಾಮಾನ್ಯವಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ಇನ್ನೊಂದಿದೆ. ಬಾಗಿಲ ಮೇಲೆ ಹಳದಿ ಪಟ್ಟಿ, 1 ಎಂಬ ಅಂಕಿ ಇದ್ದರೆ ಅದು ಮೊದಲ ದರ್ಜೆ. ಎರಡನೇ ದರ್ಜೆಯ ಟಿಕೆಟ್ ಹಿಡಿದು ಅಲ್ಲಿ ಕೂತರೆ ದಂಡ ಬೀಳುತ್ತದೆ.

ಒಂದು ಕಡೆ ಮಾತ್ರ ಕಣ್ಣು ತೆರೆದಿರಬೇಕು. ಇಂಟರ್‌ಲಾಕನ್ ಓಸ್ಟ್ ಸ್ಟೇಷನ್ನಿನಿಂದ ಹೊರಡುವ ಬೆಟ್ಟದ ರೈಲು ಸ್ವೈಲ್ಯೂಚಿನನ್ ಎಂಬಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಭಾಗ ಲೌಟರ್‌ಬ್ರುನನ್‌ಗೆ, ಇನ್ನೊಂದು ಗ್ರಿಂಡಲ್‌ವಾಲ್ಡ್‌ಗೆ. ಮನೆಯವರೆಲ್ಲ ಒಂದೇ ಬೋಗಿಯಲ್ಲಿ ಇರಲಿ, ಹತ್ತುವ ಮುಂಚೆ ಬೋಗಿಯ ಫಲಕ ಓದಿ.

ಹೆಜ್ಜೆ 7: ಬೆಟ್ಟದ ದಿನ

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ಹಿಂದಿನ ರಾತ್ರಿ ಮೀಟಿಯೋಸ್ವಿಸ್ ಆ್ಯಪ್‌ನಲ್ಲಿ ಹವಾಮಾನ ನೋಡಿ. ಬೆಳಗ್ಗೆ ಎದ್ದ ಕೂಡಲೇ ಬೆಟ್ಟದ ವೆಬ್‌ಕ್ಯಾಮ್ ನೋಡಿ. ಎಷ್ಟೋ ಹೋಟೆಲ್‌ಗಳ ಟಿವಿಯಲ್ಲಿ ಒಂದು ಚಾನೆಲ್ ಬರೀ ಇದಕ್ಕೇ ಮೀಸಲು: ಕ್ಯಾಮೆರಾ ನಿಧಾನವಾಗಿ ತಿರುಗುತ್ತಾ ಶಿಖರ ತೋರಿಸುತ್ತದೆ, ಪಕ್ಕದಲ್ಲಿ ಅಲ್ಲಿನ ಉಷ್ಣಾಂಶ. ತಿಂಡಿ ತಿನ್ನುವ ಜಾಗದಲ್ಲೂ ಹಾಕಿರುತ್ತಾರೆ. ಕೆಳಗೆ ಊರಲ್ಲಿ ಮೋಡ ಮುಚ್ಚಿ, ಮೇಲೆ ಫಳಫಳ ಬಿಸಿಲಿರುವ ದಿನಗಳೂ ಉಂಟು. ಕಿಟಕಿಯಾಚೆಯ ಆಕಾಶ ನೋಡಿ ತೀರ್ಮಾನ ಮಾಡಬೇಡಿ. ತೆರವಾಗಿದ್ದರೆ ಟಿಕೆಟ್ ತೆಗೆದು ಆದಷ್ಟು ಬೇಗ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಏಳುತ್ತದೆ. ತೆರವಾಗಿಲ್ಲದಿದ್ದರೆ ಆ ದಿನ ಸರೋವರದ ದೋಣಿಗೋ ಬರ್ನ್‌ನ ಹಳೆಯ ಪೇಟೆಗೋ ಇರಲಿ. ಟ್ರ್ಯೂಮಲ್‌ಬಾಕ್ ಕೂಡ ಮಳೆಗೆ ಒಳ್ಳೆಯ ಜಾಗ, ಅಲ್ಲಿ ಜಲಪಾತ ಬಂಡೆಯ ಒಳಗೇ ಸುತ್ತಿ ಇಳಿಯುತ್ತದೆ.

ಯಾವ ಬೆಟ್ಟ? ಯೂಂಗ್‌ಫ್ರೌಯೋಕ್ 3,454 ಮೀಟರ್, ಯುರೋಪಿನಲ್ಲೇ ಅತಿ ಎತ್ತರದ ರೈಲ್ವೆ ಸ್ಟೇಷನ್. ಐಗರ್ ಪರ್ವತದ ಹೊಟ್ಟೆ ಕೊರೆದು 16 ವರ್ಷ ಕಟ್ಟಿ 1912ರಲ್ಲಿ ತೆರೆದರು. ಮೇಲೆ ನಿಂತು ಅಲೆಚ್ ಹಿಮನದಿ ಅಷ್ಟು ದೂರ ಹರಿದು ಮಲಗಿರುವುದನ್ನು ನೋಡುವುದಕ್ಕೆ ಕೊಟ್ಟ ದುಡ್ಡು ಸಾರ್ಥಕ, ಆಕಾಶ ತೆರವಾಗಿದ್ದರೆ ಮಾತ್ರ. ಅಲ್ಲಿ ಇಂಡಿಯನ್ ಊಟವೂ ಸಿಗುತ್ತದೆ. ಹೋಗುವಾಗ ಗ್ರಿಂಡಲ್‌ವಾಲ್ಡ್‌ನಿಂದ 2020ರಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರು ಹಿಡಿದು, ಬರುವಾಗ ಕ್ಲೈನೆ ಷೈಡೆಗ್, ವೆಂಗನ್ ಕಡೆಯ ಹಳೆಯ ರೈಲಿನಲ್ಲಿ ಇಳಿಯಿರಿ. ಎರಡು ಕಣಿವೆ ನೋಡಿದ ಹಾಗಾಗುತ್ತದೆ.

ದುಡ್ಡು ಬಿಗಿಯಾಗಿದ್ದರೆ, ಅಥವಾ ದೊಡ್ಡವರಿಗೆ ಉಸಿರಾಟದ ತೊಂದರೆ ಇದ್ದರೆ, ರಿಗಿಗೆ ಹೋಗಿ. ಎತ್ತರ ಸುಮಾರು 1,800 ಮೀಟರ್ ಅಷ್ಟೇ. 1871ರಲ್ಲಿ ಯುರೋಪಿನ ಮೊದಲ ಹಲ್ಲುಹಳಿ (ಹಲ್ಲಿನ ಚಕ್ರ ಹಿಡಿದು ಹತ್ತುವ ಹಳಿ) ಬೆಟ್ಟದ ರೈಲು ಓಡಿದ್ದು ಇಲ್ಲೇ. ಲೂಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌ, ಅಲ್ಲಿಂದ ಕೆಂಪು ರೈಲು. ಪಾಸ್ ಇದ್ದರೆ ಒಂದು ಪೈಸೆ ಜಾಸ್ತಿ ಇಲ್ಲ. ಮ್ಯಾಟರ್‌ಹಾರ್ನ್ ಶಿಖರ ನೋಡಬೇಕಾದರೆ ಜೆರ್ಮಾಟ್ ಊರು, ಅಲ್ಲಿಂದ 3,089 ಮೀಟರ್‌ನ ಗೋರ್ನರ್‌ಗ್ರಾಟ್. ಇದಕ್ಕೆ ಜೆರ್ಮಾಟ್‌ನಲ್ಲೇ ಒಂದು ರಾತ್ರಿ ಬೇಕು, ಇಂಟರ್‌ಲಾಕನ್‌ನಿಂದ ಹೋಗಿ ಬರುವುದು ಸುಸ್ತು.

3,000 ಮೀಟರ್ ದಾಟಿದ ಮೇಲೆ ಗಾಳಿ ತೆಳು. ಮೆಟ್ಟಿಲು ಓಡಿ ಹತ್ತಬೇಡಿ. ನೀರು ಕುಡಿಯುತ್ತಾ ನಿಧಾನವಾಗಿ ನಡೆಯಿರಿ. ತಲೆನೋವು, ತಲೆ ಸುತ್ತು ಶುರುವಾದರೆ ಮುಂದಿನ ರೈಲಿಗೇ ಕೆಳಗಿಳಿಯುವುದು ಔಷಧ. ಹೃದಯದ ತೊಂದರೆ ಇರುವವರು ಊರಲ್ಲೇ ವೈದ್ಯರನ್ನು ಕೇಳಿ ಹೋಗಬೇಕು.

ಹೆಜ್ಜೆ 8: ಒಂದು ದಿನವಾದರೂ ನಡೆಯಿರಿ

ಹಳದಿ ಫಲಕ ಇರುವ ದಾರಿ ಯಾರು ಬೇಕಾದರೂ ನಡೆಯಬಹುದಾದದ್ದು. ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಕಡಿದಾದ ದಾರಿ, ಒಳ್ಳೆಯ ಶೂ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ವಾಪಸ್ ತಿರುಗಿ, ಅದು ಪಳಗಿದವರಿಗೆ. ಫಲಕದಲ್ಲಿರುವ ಸಮಯದಲ್ಲಿ ವಿರಾಮ ಸೇರಿಲ್ಲ. ಮೊದಲ ನಡಿಗೆಗೆ ಮೆನ್‌ಲಿಷನ್‌ನಿಂದ ಕ್ಲೈನೆ ಷೈಡೆಗ್ ದಾರಿ ಆರಿಸಿ: ಸುಮಾರು ಒಂದೂವರೆ ಗಂಟೆ, ಹೆಚ್ಚಾಗಿ ಇಳಿಜಾರು, ದಾರಿಯುದ್ದಕ್ಕೂ ಐಗರ್, ಮೋಂಕ್, ಯೂಂಗ್‌ಫ್ರೌ ಶಿಖರಗಳು ಎದುರಿಗೇ. ಹಸುಗಳು ಅಡ್ಡ ಬಂದರೆ ಸುತ್ತಿ ಹೋಗಿ. ಕರು ಜೊತೆಗಿದ್ದರೆ ಮುಟ್ಟಲು ಹೋಗಲೇಬೇಡಿ. ನೀವು ತೆರೆದ ಗೇಟನ್ನು ಮುಚ್ಚಿ ಮುಂದೆ ಹೋಗಿ.

ಹೆಜ್ಜೆ 9: ಊಟ, ನೀರು, ದುಡ್ಡು

ಒಂದು ಫ್ರಾಂಕ್ ಈಗ 100 ರೂಪಾಯಿ ದಾಟಿದೆ. ಹೋಟೆಲಿನಲ್ಲಿ ಮೂರು ಹೊತ್ತೂ ತಿಂದರೆ ರೈಲು ಪಾಸಿಗಿಂತ ಊಟದ ಖರ್ಚೇ ಜಾಸ್ತಿಯಾದೀತು. ಕೋಪ್, ಮಿಗ್ರೋಸ್ ಅಂಗಡಿಗಳಲ್ಲಿ ಬ್ರೆಡ್, ಮೊಸರು, ಹಣ್ಣು, ಸಲಾಡ್ ಕೊಂಡು ಒಂದು ಹೊತ್ತು ಕಳೆಯಿರಿ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕರೆ ಇನ್ನೂ ಒಳ್ಳೆಯದು, ಅನ್ನ, ಸಾರು ಮಾಡಿಕೊಳ್ಳಬಹುದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಸಾಮಾನು ತಂದಿಡಿ. ದೊಡ್ಡ ಸ್ಟೇಷನ್‌ಗಳ ಅಂಗಡಿಗಳು ಮಾತ್ರ ಭಾನುವಾರವೂ ತೆರೆದಿರುತ್ತವೆ.

ನೀರಿಗೆ ದುಡ್ಡು ಕೊಡಬೇಡಿ. ನಲ್ಲಿ ನೀರು, ಬೀದಿಯ ಕಾರಂಜಿ ನೀರು ಕುಡಿಯಲು ಯೋಗ್ಯ. ಜ್ಯೂರಿಕ್ ಒಂದರಲ್ಲೇ 1,200ಕ್ಕೂ ಹೆಚ್ಚು ಕಾರಂಜಿಗಳಿವೆ. ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬೇಡಿ.

ಸಸ್ಯಾಹಾರಿಗಳು ಗಮನಿಸಿ: ಆಲೂಗಡ್ಡೆಯ ರೋಸ್ಟಿಯಲ್ಲಿ ಕೆಲವೊಮ್ಮೆ ಹಂದಿಮಾಂಸದ ಚೂರು ಇರುತ್ತದೆ, ಕರಗಿಸಿದ ಚೀಸಿನ ಫಾಂಡ್ಯೂಗೆ ಸಾಮಾನ್ಯವಾಗಿ ವೈನ್ ಹಾಕುತ್ತಾರೆ, ಸಾಂಪ್ರದಾಯಿಕ ಚೀಸ್ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಗಟ್ಟಿಯಾಗಿಸುವ ರೆನೆಟ್‌ನಿಂದ ಆಗುತ್ತದೆ. ಜರ್ಮನ್ ಭಾಗದಲ್ಲಿ ‘ಓನೆ ಫ್ಲೈಶ್’ ಎಂದರೆ ಮಾಂಸ ಬೇಡ ಎಂದು ಅರ್ಥವಾಗುತ್ತದೆ.

ಕಾರ್ಡ್ ಸುಮಾರಾಗಿ ಎಲ್ಲ ಕಡೆ ನಡೆಯುತ್ತದೆ. ಯಂತ್ರ ‘ರೂಪಾಯಿಯೋ ಫ್ರಾಂಕೋ’ ಎಂದು ಕೇಳಿದರೆ ಫ್ರಾಂಕ್ ಒತ್ತಿ, ರೂಪಾಯಿ ಒತ್ತಿದರೆ ವಿನಿಮಯದಲ್ಲಿ ಕಳೆದುಕೊಳ್ಳುತ್ತೀರಿ. ಸ್ಟೇಷನ್ ಶೌಚಾಲಯಕ್ಕೆ ಒಂದೆರಡು ಫ್ರಾಂಕ್ ಚಿಲ್ಲರೆ ಇರಲಿ. ರೈಲೊಳಗೆ ಅದು ಉಚಿತ. ಟಿಪ್ಸ್ ಕಡ್ಡಾಯವಲ್ಲ, ಬಿಲ್ಲಿನಲ್ಲೇ ಸೇವಾ ಶುಲ್ಕ ಸೇರಿರುತ್ತದೆ. ರಾತ್ರಿ ಹತ್ತರ ಮೇಲೆ ಅಪಾರ್ಟ್‌ಮೆಂಟ್‌ನಲ್ಲಿ ಜೋರು ಮಾತು ಬೇಡ, ಅಕ್ಕಪಕ್ಕದವರು ಬಂದು ಬಾಗಿಲು ಬಡಿಯುತ್ತಾರೆ.

ಹೆಜ್ಜೆ 10: ಫೋನಿನಲ್ಲಿ ಇರಬೇಕಾದ ನಂಬರ್‌ಗಳು

ಹೊರಡುವ ಮುಂಚೆ ಇವನ್ನು ಮನೆಯ ಎಲ್ಲರ ಫೋನಿಗೂ ಹಾಕಿ. ಯಾವ ತುರ್ತಿಗೂ 112, ಆಂಬ್ಯುಲೆನ್ಸ್‌ಗೆ 144, ಪೊಲೀಸರಿಗೆ 117, ಬೆಂಕಿಗೆ 118. ಬೆಟ್ಟದಲ್ಲಿ ಬಿದ್ದು ಪೆಟ್ಟಾದರೆ 1414, ಅದು ರೆಗಾ ಎಂಬ ಹೆಲಿಕಾಪ್ಟರ್ ರಕ್ಷಣಾ ಸಂಸ್ಥೆಯದು. ಅದರ ಖರ್ಚು ತುಂಬಾ ದೊಡ್ಡದು. ಹಾಗಾಗಿ ವಿಮೆ ಕೊಳ್ಳುವಾಗಲೇ ಬೆಟ್ಟದ ರಕ್ಷಣೆ ಸೇರಿದೆಯೇ ಎಂದು ಕೇಳಿ, ಪಾಲಿಸಿಯ ಪ್ರತಿಯನ್ನೂ ಅದೇ ಫೋನಿನಲ್ಲಿ ಇಟ್ಟುಕೊಳ್ಳಿ.